ಹೆಬ್ಬೆರಳಕ್ಕನ ಕಾಲಿನ ಗುಳಿ

ಆ ದೊಡ್ಡಾಸ್ಪತ್ರೆಯ ಮೂತ್ರಪಿಂಡದ ವಾರ್ಡಿನಲ್ಲಿ ಹಿರಿಯ ನರ್ಸಮ್ಮನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಹೆಬ್ಬೆರಳಕ್ಕ. ರೋಗಿ ಬಂದದ್ದೇ ತಡ, ಮಂಚದ ತುದಿಯಲ್ಲಿ ಕೂತು ಅವನ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳೂರಿ ಒತ್ತಿ ಹಿಡಿಯುವಳು. ಬೆರಳು ತೆಗೆದಾಗ ಚರ್ಮ ತಟ್ಟನೆ ಮೇಲೆದ್ದರೆ ಸರಿ. ಹಸಿಮಣ್ಣಿನಲ್ಲಿ ಹೆಜ್ಜೆ ಮೂಡಿದಂತೆ ಗುಳಿ ಉಳಿದರೆ ಮೈಯಲ್ಲಿ ನೀರು ನಿಂತಿದೆ, ಒಳಗೆ ಸೋಸುವ ಕೆಲಸ ಎಡವಿರಬಹುದು ಎಂದು ಅವಳ ಕಿವಿ ನಿಮಿರುತ್ತಿತ್ತು. ಆಮೇಲೆ ರೆಪ್ಪೆಯ ಊತ, ಸೊಂಟದ ನೋವು, ಮೂತ್ರದ ಬಣ್ಣ, ನೊರೆ, ಉರಿ, ರಾತ್ರಿ ಏಳುವುದು, ಒಂದನ್ನೂ ಬಿಡದೆ ಕೇಳುವಳು. ನಾಚಿಕೊಂಡು ಸುಳ್ಳಾಡಿದವರು ಅವಳ ಕೈಯಲ್ಲಿ ಸಿಕ್ಕಿಬೀಳದೆ ಹೋದದ್ದಿಲ್ಲ.

ಕಲಿಯಲು ಬರುವ ಹುಡುಗಿಯರಿಗೆ ಪಾಠವೂ ಹಾಗೆಯೇ. ಮೊದಲು ರೋಗಿಯ ಕಾಲು ಒತ್ತುವಳು, ಆಮೇಲೆ ತನ್ನದು. ಆರೋಗ್ಯದ ಕಾಲು ತೋರಿಸಲು ಇನ್ನೊಂದು ಕಾಲನ್ನು ಅವಳು ಎಂದೂ ಹುಡುಕಿದವಳಲ್ಲ.

ಅಂದು ಬೆಳಿಗ್ಗೆ ಕಿಟಕಿ ಪಕ್ಕದ ಮಂಚಕ್ಕೆ ಒಬ್ಬ ಬಸ್ ಡ್ರೈವರ್ ಬಂದಿದ್ದ.

"ದಿನಕ್ಕೆ ನೀರೆಷ್ಟು ಕುಡೀತೀಯಪ್ಪ?"

"ಕುಡೀತೀನಿ ಸಿಸ್ಟರಮ್ಮ, ಸುಮಾರಾಗಿ."

"ಸುಮಾರಾಗಿ! ತುಟಿ ನೋಡಿದ್ರೆ ಬಿಸಿಲಲ್ಲಿ ಬಿಟ್ಟ ಚಪ್ಪಲಿ ಥರ ಇದೆ. ನಿಜ ಹೇಳು."

"ತುಂಬಿದ ಬಸ್ಸು ನಿಲ್ಲಿಸಿ ಇಳಿದು ಹೋದ್ರೆ ಜನ ಬೈತಾರೆ. ಅದಕ್ಕೇ ಕುಡಿಯೋದೇ ಇಲ್ಲ."

"ಬೆನ್ನುನೋವಿನ ಮಾತ್ರೆ?"

"ಅದು... ದಿನಾ ನುಂಗ್ತೀನಿ."

"ನೀರು ಹಾಕ್ದೆ ಇಂಜಿನ್ ಓಡಿಸ್ತೀಯೇನಯ್ಯ ನೀನು?"

"ಓಡಿಸಿದ್ರೆ ಕೆಲಸದಿಂದ ತೆಗೀತಾರೆ ತಾಯಿ."

"ಮತ್ತೆ ನಿನ್ನ ಮೈಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ಹುಡುಗಿಯರು ಕಿಸಕ್ಕೆಂದರು. ಡ್ರೈವರನ ಕಾಲಿನಲ್ಲಿ ಗುಳಿ ಬಿತ್ತು. "ನೋಡಿದ್ರಾ? ಈಗ ಚೆನ್ನಾಗಿರೋ ಕಾಲು ನೋಡಿ," ಎಂದು ಅಕ್ಕ ಸ್ಟೂಲಿನ ಮೇಲೆ ತನ್ನ ಕಾಲಿಟ್ಟು, ಬಿಳಿ ಕಾಲುಚೀಲ ಕೆಳಗೆ ಸರಿಸಿ, ಒತ್ತಿ, ಬೆರಳು ತೆಗೆದಳು.

ಗುಳಿ ಅಲ್ಲೇ ಉಳಿಯಿತು.

ಕಿಸಿಕಿಸಿ ಅಲ್ಲಿಗೇ ನಿಂತಿತು. ಅಕ್ಕ ತನ್ನ ಕಾಲನ್ನು ಯಾರದೋ ಕಾಲೆಂಬಂತೆ ನೋಡಿದಳು.

"ಅಕ್ಕಾ, ಏಳ್ತಾನೇ ಇಲ್ಲ," ಎಂದಳು ಕನ್ನಡಕದ ಹುಡುಗಿ.

"ಕಾಲುಚೀಲ ಬಿಗಿ ಕಣೇ."

"ಇನ್ನೊಂದು ಕಾಲೂ ನೋಡಿ ಅಕ್ಕಾ."

ಅದರಲ್ಲೂ ಗುಳಿ. ಮಂಚದ ಮೇಲಿಂದ ಡ್ರೈವರ್ ಮೆಲ್ಲಗೆ ಕೇಳಿದ: "ದಿನಕ್ಕೆ ನೀರೆಷ್ಟು ಕುಡೀತೀರಿ ಸಿಸ್ಟರಮ್ಮ?"

"ಕುಡೀತೀನಿ, ಸುಮಾರಾಗಿ."

ಬಾಯಿಂದ ಬಿದ್ದ ಮಾತು ತನ್ನ ಕಿವಿಗೇ ಬಡಿದು ಅವಳು ಬೆಚ್ಚಿದಳು. ನರ್ಸುಗಳ ಶೌಚಾಲಯ ಇದ್ದದ್ದು ಕೆಳಗಿನ ಅಂತಸ್ತಿನ ಆ ತುದಿಯಲ್ಲಿ. ವಾರ್ಡು ಬಿಟ್ಟು ಹೋದರೆ ನೋಡಿಕೊಳ್ಳುವವರಿಲ್ಲ. ಅದಕ್ಕೆ ಡ್ಯೂಟಿ ಹೊತ್ತಿನಲ್ಲಿ ತೊಟ್ಟು ನೀರೂ ಮುಟ್ಟದಿರುವುದನ್ನು ಅವಳು ಎಳೆವಯಸ್ಸಿನಲ್ಲೇ ರೂಢಿಸಿಕೊಂಡಿದ್ದಳು, ಅದನ್ನು ಜಾಣತನವೆಂದೇ ಬಗೆದಿದ್ದಳು. ಮಂಡಿನೋವಿನ ಮಾತ್ರೆಯೋ, ಜೇಬಿನಲ್ಲೇ ಇರುತ್ತಿತ್ತು.

ಕನ್ನಡಕದ ಹುಡುಗಿ ಮೂತ್ರ ಪರೀಕ್ಷೆಯ ಖಾಲಿ ಬಾಟಲಿಯೊಂದನ್ನು ತಂದು ಚಾಚಿದಳು. ಲೆಕ್ಕವಿಲ್ಲದಷ್ಟು ಜನರ ಕೈಗೆ ತಾನೇ ಇಟ್ಟ ಬಾಟಲಿ. ಅಕ್ಕ ಅದನ್ನು ಹಿಡಿದು ಕೆಳಗಿಳಿದಳು, ಬಂದು ರಕ್ತ ಪರೀಕ್ಷೆಗೂ ತೋಳು ಚಾಚಿದಳು.

ಸಂಜೆ ಡಾಕ್ಟರಮ್ಮ ವರದಿ ಹಿಡಿದು ಬಂದರು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು, ರಕ್ತದಲ್ಲಿ ಸೋಸದೆ ಉಳಿದ ಕಸ ಏರಿತ್ತು.

"ನೊರೆ ಬರ್ತಿರ್ಲಿಲ್ವಾ ಅಕ್ಕಾ?"

ಅಕ್ಕ ಹುಡುಗಿಯರ ಮುಖ ನೋಡಿದಳು. ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿಕೊಂಡಳು.

"ಬರ್ತಿತ್ತು. ಕಂಡ್ರೂ ಕಾಣದವಳ ಹಾಗೆ ಮೇಲೆ ನೀರು ಹುಯ್ದು ಬರ್ತಿದ್ದೆ. ಮಂಡಿನೋವಿನ ಮಾತ್ರೆನೂ ದಿನಾ ನುಂಗ್ತಿದ್ದೆ."

"ನೀವೇ ಹೀಗೆ ಮಾಡಿದ್ರೆ..." ಎಂದ ಡಾಕ್ಟರಮ್ಮ ವರದಿ ಮಡಿಸಿದರು. ಆಮೇಲೆ ಹೇಳಿದರು: "ಕಿಡ್ನಿ ಪೂರ್ತಿ ಕೈಕೊಟ್ಟಿಲ್ಲ. ಎಷ್ಟು ಉಳಿಸಿಕೊಳ್ಳಬಹುದು ಅಂತ ಈಗಲೇ ಹೇಳಕ್ಕಾಗಲ್ಲ. ಕಿಡ್ನಿ ಕೆಡಿಸೋ ಆ ನೋವಿನ ಮಾತ್ರೆ ಇವತ್ತಿಗೇ ನಿಲ್ಲಬೇಕು. ಉಪ್ಪು, ನೀರು, ಎರಡರ ಅಳತೆನೂ ನಾನೇ ಹೇಳ್ತೀನಿ. ಇಲ್ಲೇ ಮಲಗಿ."

"ಬನ್ನಿ ಸಿಸ್ಟರಮ್ಮ," ಎಂದ ಡ್ರೈವರ್, "ಪಕ್ಕದ ಸೀಟು ಖಾಲಿ ಇದೆ."

ಅಕ್ಕ ಜೇಬಿನ ಮಾತ್ರೆಗಳನ್ನು ತೆಗೆದು ಡಾಕ್ಟರಮ್ಮನ ಕೈಗಿತ್ತಳು. ತಾನೇ ಬೆಳಿಗ್ಗೆ ಹಾಸಿಗೆ ಹಾಸಿದ ಮಂಚದ ಮೇಲೆ ಕೂತು, ಕಾಲುಚೀಲ ಕಳಚಿ, ಕನ್ನಡಕದ ಹುಡುಗಿಯ ಕಡೆಗೆ ಕಾಲು ಚಾಚಿದಳು.

"ಒತ್ತು. ಹೆದರಬೇಡ ಕಣೇ, ಗಟ್ಟಿಯಾಗಿ ಒತ್ತು. ನಾಳೆ ಪಾಠಕ್ಕೆ ಚೆನ್ನಾಗಿರೋ ಕಾಲು ಬೇರೆ ಹುಡುಕ್ಕೊಳ್ಳಿ."