ಅವ್ವ ಅಪ್ಪನನ್ನು ಮೊದಲು ಕಂಡ ಊರು

ಸಿಡ್ನಿಯ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಒಂದು ಮೊಳೆ ಇತ್ತು. ಅದಕ್ಕೆ ತೂಗುಹಾಕಿದ್ದ ಪಂಚಾಂಗದ ಕ್ಯಾಲೆಂಡರಿನ ಹಿಂದೆ ನನ್ನ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಬರೆದಿಟ್ಟಿದ್ದೆ. ಆ ಮನೆ ಬಿಟ್ಟು ಮೆಲ್ಬರ್ನಿನ ಟಾರ್ನೀಟ್ ಬಡಾವಣೆಗೆ ಬಂದು ಎರಡು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲು ಕುಳಿತಾಗ ನೆನಪಾಯಿತು: ಕ್ಯಾಲೆಂಡರ್ ಆ ಮೊಳೆಯಲ್ಲೇ ಉಳಿದಿದೆ.

ಲ್ಯಾಪ್‌ಟಾಪಿನಲ್ಲಿ ಅವ್ವನ ದನಿ ಇತ್ತು. ಅವಳು ತೀರಿಕೊಳ್ಳುವ ಹಿಂದಿನ ವರ್ಷ ಧಾರವಾಡದಲ್ಲಿ ಪಕ್ಕ ಕುಳಿತು ಫೋನಿನಲ್ಲಿ ಹಿಡಿದ ಮಾತುಗಳು. ಆ ಫೋನು ಕೆಟ್ಟುಹೋಗಿತ್ತು. ಬೇರೆ ಪ್ರತಿ ಇರಲಿಲ್ಲ. ಮನೆಯವರೆಲ್ಲ ಒಂದೇ ಆನ್‌ಲೈನ್ ಅಕೌಂಟ್ ಬಳಸುತ್ತಿದ್ದೆವು. ನನ್ನ ಫೋಟೊಗಳೆಲ್ಲ ನಮ್ಮ ಯಜಮಾನರ ಫೋನಿನಲ್ಲೂ ಮೂಡುತ್ತಿದ್ದವು. ಅವ್ವ ಮಾತಿನ ನಡುವೆ ನನ್ನ ಅತ್ತೆಯವರನ್ನು ಚೆನ್ನಾಗಿಯೇ ಆಡಿಕೊಂಡಿದ್ದಳು. ಅದಕ್ಕೇ ಮಗಳಿಗೆ ಹೇಳಿ, ಆ ಯಂತ್ರದೊಳಗಷ್ಟೇ ಇರುವ ಲೋಕಲ್ ಅಕೌಂಟ್ ಮಾಡಿಸಿಕೊಂಡಿದ್ದೆ.

ಸಿಡ್ನಿಯಲ್ಲೇ ಓದಲು ಉಳಿದ ಮಗಳಿಗೆ ಫೋನು ಮಾಡಿದೆ.

"ಅಮ್ಮಾ, ಲೋಕಲ್ ಅಕೌಂಟಿಗೆ ಪಾಸ್‌ವರ್ಡ್ ಬದಲಿಸಾಕ ಇಮೇಲ್ ಲಿಂಕ್ ಬರಂಗಿಲ್ಲ. ಐ ವಾರ್ನ್ಡ್ ಯೂ!"

"ಬೈಯೂದು ಆಮೇಲೆ. ಈಗೇನ್ ಮಾಡ್ಲಿ?"

"ಮೂರು ಕ್ವೆಶ್ಚನ್ಸ್ ಕೇಳ್ತದ. ಮೂರೂ ಕರೆಕ್ಟ್ ಆದ್ರ ಹೊಸ ಪಾಸ್‌ವರ್ಡ್. ಇಲ್ಲಾಂದ್ರ ವೈಪ್ ಮಾಡ್ಬೇಕು."

"ವೈಪ್ ಅಂದ್ರ?"

"ಎವ್ರಿಥಿಂಗ್ ಗಾನ್, ಅಮ್ಮಾ."

ಮೊದಲ ಶಾಲೆ ಯಾವುದು? ಬರೆದೆ. ಮೊದಲು ಸಾಕಿದ ಪ್ರಾಣಿ? ಬೆಕ್ಕಿನ ಹೆಸರು ಬರೆದೆ. ಮೂರನೆಯದು: ನಿಮ್ಮ ತಂದೆತಾಯಿ ಭೇಟಿಯಾದ ಊರು ಯಾವುದು?

ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ, ಅಕೌಂಟ್ ಮಾಡಿಸುವಾಗ ಕೇಳಿದ್ದಕ್ಕೆ ನಿಜವನ್ನೇ ಬರೆದಿರುತ್ತೇನೆ. ಆದರೆ ಯಾರ ನಿಜ? ಅಪ್ಪ ಹೆಣ್ಣು ನೋಡಿದ್ದು ಹುಬ್ಬಳ್ಳಿಯಲ್ಲಿ, ಅವ್ವನ ಸೋದರಮಾವನ ಮನೆಯಲ್ಲಿ. "ನೋಡಿದ ಕೂಡ್ಲೇ ಹೂಂ ಅಂದೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹುಬ್ಬಳ್ಳಿ ಎಂದು ಹಾಕಿದೆ.

ತಪ್ಪು ಎಂದಿತು.

"ಅಮ್ಮಾ? ಆರ್ ಯೂ ದೇರ್?"

ಇದ್ದೆ. ಕೀಲಿಗಳ ಸಂದಿನಲ್ಲಿ ಒಂದು ಸಾಸಿವೆ ಕಾಳು ಸಿಕ್ಕಿಕೊಂಡಿತ್ತು. ಅದನ್ನೇ ನೋಡುತ್ತ ಕುಳಿತೆ. ಅವ್ವ ಒಮ್ಮೆ ಇದರ ಬಗ್ಗೆ ಏನೋ ಹೇಳಿದ್ದಳು. ಏನು? ಹೇಳಿದ್ದು ಈ ಲ್ಯಾಪ್‌ಟಾಪಿನೊಳಗೇ ಇದೆ, ಕೇಳುವ ಹಾಗಿಲ್ಲ. ಕಣ್ಣು ಮುಚ್ಚಿದೆ. ಶೇಂಗಾ ಸುಲಿಯುತ್ತ ಕೂತ ಅವ್ವ ಬಂದಳು. "ನೋಡಾಕ ಬಂದಾಗ ನಾ ತಲಿನ ಎತ್ತಿಲ್ಲವ್ವಾ, ಬರೇ ಕಾಲ ಕಂಡಿದ್ವು. ಅಂತರಪಟ ಸರದ ಮ್ಯಾಲೇ ನಿಮ್ಮಪ್ಪನ ಮಾರಿ ಕಂಡದ್ದು."

ಮದುವೆ ಗದಗಿನಲ್ಲಾಗಿತ್ತು.

ಗದಗ ಎಂದು ಒಂದೊಂದೇ ಅಕ್ಷರ ಒತ್ತಿದೆ. ಹೊಸ ಪಾಸ್‌ವರ್ಡ್ ಕೊಡಿ ಎಂದಿತು. ನಾನು ಅಳುತ್ತಿರುವುದು ಕೇಳಿಸಿತೇನೋ, ಮಗಳು ಮೆಲ್ಲಗೆ, "ಈಗರೆ ಅಜ್ಜಿ ದನಿ ಆನ್‌ಲೈನ್‌ನಾಗ ಹಾಕ್ತೀಯಾ?" ಎಂದಳು.

"ಬ್ಯಾಡ. ನಿನಗೊಂದು ಕಾಪಿ ಕಳಸ್ತೀನಿ."

ಅಂದೇ ಎಲ್ಲವನ್ನೂ, ಅತ್ತೆಯವರ ಮೇಲಿನ ಮಾತನ್ನೂ ಬಿಡದೆ, ಪೆನ್‌ಡ್ರೈವ್‌ಗೆ ಹಾಕಿ ಸಿಡ್ನಿಗೆ ಪೋಸ್ಟ್ ಮಾಡಿದೆ. ಅದು ಮುಟ್ಟಿತೆಂದು ಮಗಳು ಹೇಳುವವರೆಗೆ ಲ್ಯಾಪ್‌ಟಾಪನ್ನು ಆರಿಸಲೇ ಇಲ್ಲ.