ಎರಡನೆಯ ಅಮಾವಾಸ್ಯೆ

ನಾನು ನಿಂತಿದ್ದದ್ದು ಚಿತ್ರದುರ್ಗದ ಆ ದತ್ತು ಕೇಂದ್ರದ ಹೊರಜಗಲಿಯಲ್ಲಿ, ಬಾಗಿಲಿನ ಎಡಕ್ಕೆ, ನೀರಿನ ಡ್ರಮ್ಮಿನ ಪಕ್ಕ. ಬುಧವಾರ, ಬೆಳಿಗ್ಗೆ ಹನ್ನೊಂದೂಕಾಲು. ಅಲ್ಲಿಂದ ಮೆಟ್ಟಿಲಿಗೆ ನಾಲ್ಕು ಹೆಜ್ಜೆ. ಆಮೇಲೆ ಒಂದು ದಿನ ಯಾರೂ ಇಲ್ಲದಾಗ ಹೋಗಿ ನಡೆದು ನೋಡಿದ್ದೇನೆ, ನಾಲ್ಕೇ. ನನ್ನ ಎರಡೂ ಕೈಯಲ್ಲಿ ಒಂದು ಕಂಬಳಿಯ ತುಂಡಿತ್ತು.

ಆ ತುಂಡು ಹೋದ ತಿಂಗಳು ಮತ್ತೆ ನನ್ನ ಕೈಗೆ ಬಂತು. ಕೇಂದ್ರದಲ್ಲಿ ಆಯಾ ಆಗಿದ್ದವರ ಮಗಳು ಹೊಸದುರ್ಗದಿಂದ ಬಸ್ಸಿನಲ್ಲಿ ಬಂದು ನನ್ನ ಟೈಪಿಂಗ್ ಅಂಗಡಿಯ ಮುಂದೆ ನಿಂತಳು. ಅವಳ ಕೈಯಲ್ಲಿ ಬಟ್ಟೆ ಅಂಗಡಿಯ ಹಳೆಯ ಕವರು.

"ಅವ್ವನ ಟ್ರಂಕಿನಾಗಿತ್ತು ಸಾರ್. ಟೈಪ್ ಸಾರ್‌ಗೆ ಮುಟ್ಟಿಸು ಅಂದಿದ್ಲು."

ಅಂದಿದ್ದಳು ಎಂದಾಗಲೇ ಆಕೆ ಹೋಗಿಬಿಟ್ಟಿದ್ದಾರೆಂದು ನನಗೆ ಗೊತ್ತಾದದ್ದು. ಕವರಿನ ಗಂಟು ಬಿಚ್ಚಿದೆ. ಕುರಿಯ ಉಣ್ಣೆಯ ವಾಸನೆ, ಕಂಬಳಿ ನೇಯುವವರು ನೂಲಿಗೆ ಬಳಿಯುವ ಹುಣಸೆಬೀಜದ ಗಂಜಿಯ ವಾಸನೆ, ಅದರೊಳಗೆಲ್ಲೋ ಹಾಲು ಒಣಗಿದ್ದು... ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಅಂದಿನಿಂದ ನನಗೆ ಸರಿಯಾಗಿ ಕೂರಲಾಗುತ್ತಿಲ್ಲ. ಒಂದೇ ಪುಟವನ್ನು ಎರಡು ಸಲ ಟೈಪ್ ಮಾಡುತ್ತೇನೆ.

ಎಲ್ಲರೂ ಅವರನ್ನು ಆಯಮ್ಮ ಎನ್ನುತ್ತಿದ್ದರು. ದಪ್ಪ ಮೈ, ನಡೆದರೆ ಕಾಲಿನ ಬೆಳ್ಳಿ ಸುತ್ತು ನೆಲಕ್ಕೆ ಟಕ್ಕೆಂದು ತಾಗುವ ಸದ್ದು. ಕೇಂದ್ರಕ್ಕೆ ಬಂದ ಪ್ರತಿ ಮಗುವನ್ನೂ "ಲೇ ಕುರಿಮರಿ" ಎಂದೇ ಕರೆಯುತ್ತಿದ್ದರು. ಕೇಂದ್ರದ ಕಾಗದಗಳನ್ನು ಟೈಪ್ ಮಾಡುವುದು, ಇಂಗ್ಲಿಷಿನವನ್ನು ಕನ್ನಡಕ್ಕೆ ಮಾಡುವುದು, ಓದು ಬಾರದವರಿಗೆ ಓದಿ ಹೇಳುವುದು ನನ್ನ ಕೆಲಸ. ನಾನು ಹೋದಾಗಲೆಲ್ಲ ಆಯಮ್ಮ ಒಂದು ಮಾತು ಕುಟುಕದೆ ಬಿಡುತ್ತಿರಲಿಲ್ಲ.

"ಬರ್ರಿ ಟೈಪ್ ಸಾರ್, ಕುಂತ್ಕಳ್ರಿ. ನಿಮ್ ಬೆರಳು ಅಷ್ಟು ಮಾತಾಡ್ತವೆ, ಬಾಯಿಗೇನು ಬೀಗ ಹಾಕೀರಾ?"

ಆ ಬುಧವಾರ ಮಗುವನ್ನು ಒಪ್ಪಿಸಲು ಬಂದವಳು ಕುರಿ ಕಾಯುವವರ ಮನೆಯ ಹೆಣ್ಣುಮಗಳು. ಗಂಡ ಜ್ವರ ಬಂದು ತೀರಿಕೊಂಡಿದ್ದ. ಕುರಿಮಂದೆಯ ಹಿಂದೆ ಊರೂರು ಅಲೆಯುವ ಬಾಳು. ಐದು ತಿಂಗಳ ಹೆಣ್ಣುಮಗುವಿನ ಎಡಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿತ್ತು. ಮಕ್ಕಳ ವಿಷಯ ತೀರ್ಮಾನಿಸುವ ಸಮಿತಿಯವರು ಅಂದು ಕೇಂದ್ರದಲ್ಲೇ ಕೂತಿದ್ದರು. ಒಪ್ಪಿಸುವ ಪತ್ರವನ್ನು ನಾನು ಓದಿದೆ. ಅರವತ್ತು ದಿನದೊಳಗೆ ತಾಯಿ ಮನಸ್ಸು ಬದಲಿಸಿ ಬಂದರೆ ಮಗುವನ್ನು ಹಿಂದಕ್ಕೆ ಕೊಡಬೇಕು, ಆಮೇಲೆ ಮಗು ದತ್ತು ಹೋಗಲು ಕಾನೂನಿನ ಪ್ರಕಾರ ಮುಕ್ತ ಎಂಬ ಸಾಲನ್ನೂ ಓದಿದೆ. ಅವಳು ಹೆಬ್ಬೆಟ್ಟು ಒತ್ತಿದಳು. ಆಕೆಗೆ ತಿಳಿಯುವ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ ಎಂದು ಕೆಳಗೆ ನಾನು ಸಹಿ ಹಾಕಿದೆ.

ಹೊರಗೆ ಬಂದಾಗ ಆಯಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು, ಅದಕ್ಕೆ ಸುತ್ತಿದ್ದ ಕಂಬಳಿಯ ತುಂಡನ್ನು "ಒಂದೀಟು ಹಿಡ್ಕಳ್ರಿ" ಎಂದು ನನ್ನ ಕೈಗೆ ಕೊಟ್ಟರು. ತಾಯಿ ಮೆಟ್ಟಿಲ ಮೇಲೆ ನಿಂತು ಕೇಳಿದಳು.

"ಅರವತ್ತು ಅಂದ್ರೆ ಎಷ್ಟಕ್ಕ? ನಮಗೆ ಅಡವ್ಯಾಗೆ ಕ್ಯಾಲೆಂಡ್ರು ಎಲ್ಲೈತೆ?"

"ಅದ್ನ ಬಿಡವ್ವ. ಎರಡು ಅಮಾಸೆ ಅಂತ ಇಟ್ಕ. ಎರಡನೇ ಅಮಾಸೆ ಒಳಗೆ ಬಂದ್ಬಿಡು. ನಿನ್ ಕೂಸು ಇಲ್ಲೇ ನನ್ ಹತ್ರ ಇರತೈತೆ."

ಇದು ನನಗೆ ಪೂರ್ತಿ ಕೇಳಿಸಿತು. ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ ಇತ್ತು. ಬರುವ ಭಾನುವಾರ ಒಂದು, ಅದರ ಮುಂದಿನದು ಎರಡು. ಒಟ್ಟು ಮೂವತ್ತನಾಲ್ಕು ದಿನ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅರವತ್ತಕ್ಕಿಂತ ಎಷ್ಟೋ ಮೊದಲು. ಆಯಮ್ಮ ಬೇಕೆಂತಲೇ ಕಡಿಮೆ ಹೇಳಿದ್ದರು, ಅವಳು ತಡಮಾಡದಿರಲಿ ಅಂತ. ಒಳ್ಳೆಯದೇ ಆಯಿತು ಅಂದುಕೊಂಡು ಸುಮ್ಮನಾದೆ. ಬಿಸಿಲು ಜೋರಿತ್ತು. ಕಂಬಳಿ ಕೈಯಲ್ಲಿ ಬೆವರು ಬರಿಸುತ್ತಿತ್ತು.

ಅವಳು ಬಂದದ್ದು ಅರವತ್ತೆರಡನೆಯ ದಿನ, ಮಂಗಳವಾರ. ನಗುತ್ತಾ ಬಂದಳಂತೆ. ಅಣ್ಣ ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಹಿಡಿಸಿಕೊಟ್ಟಿದ್ದ. ಇನ್ನು ಮಂದೆಯ ಹಿಂದೆ ಅಲೆಯಬೇಕಿರಲಿಲ್ಲ.

"ಅಮಾಸೆ ನಾಳೆ ಅಲ್ವಾ, ಒಂದಿನ ಮೊದ್ಲೇ ಬಂದೆ," ಎಂದು ಆಯಮ್ಮನ ಮುಂದೆ ಕೈಚೀಲ ಬಿಚ್ಚಿ ಮಗುವಿಗೆ ತಂದಿದ್ದ ಹೊಸ ಲಂಗ ತೋರಿಸಿದಳಂತೆ.

ಮಂದೆಯವರ ಲೆಕ್ಕ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಎಂಟು ದಿನ ತುಂಬದೆ ಎದುರಾಗುವ ಅಮಾವಾಸ್ಯೆಯನ್ನು ಅವರು ಎಣಿಸುವುದಿಲ್ಲ. ಅದು ಹಳೆ ತಿಂಗಳಿನದು. ಹೊಸ ಲೆಕ್ಕ ಅದು ಕಳೆದ ಮೇಲೆ ಶುರು. ಕುರಿ ಕಾಯಲು ಒಪ್ಪಿಕೊಂಡರೂ ಹಾಗೇ, ಮದುವೆಯ ಮಾತಾದರೂ ಹಾಗೇ. ಆಯಮ್ಮನ ತಾಯಿಯ ಮನೆಯಲ್ಲೂ ಕುರಿಯಿತ್ತು. ಪೇಟೆಗೆ ಬಂದು ಎಷ್ಟೋ ವರ್ಷವಾಗಿ ಗೋಡೆಯ ಕ್ಯಾಲೆಂಡರು ನೋಡಿ ನೋಡಿ ಅವರಿಗೂ ಮರೆತಿತ್ತು.

ಅರವತ್ತು ದಿನ ಭಾನುವಾರಕ್ಕೆ ಮುಗಿದಿತ್ತು. ಮಗು ದತ್ತು ಹೋಗಲು ಮುಕ್ತ ಎಂಬ ಆದೇಶಕ್ಕೆ ಸೋಮವಾರ ಸಮಿತಿ ಸಹಿ ಹಾಕಿತ್ತು.

ಗುರುವಾರ ತಾಯಿಯನ್ನೂ ಆಯಮ್ಮನನ್ನೂ ನನ್ನನ್ನೂ ಕರೆಸಿದರು. ತಾಯಿಗೆ ವಿವರಿಸುವುದರಲ್ಲೇ ತಪ್ಪಾಗಿದ್ದರೆ ಆದೇಶವನ್ನು ಮತ್ತೆ ನೋಡಬಹುದು, ಅದಕ್ಕೇ ಕೇಳುತ್ತಿದ್ದೇವೆ ಎಂದರು ಸಮಿತಿಯ ಅಧ್ಯಕ್ಷೆ. ಆಯಮ್ಮ ಎದ್ದು ನಿಂತರು.

"ತಪ್ಪು ನನ್ದು. ಅರವತ್ತು ದಿನಾನ ನಾನು ಅಮಾಸೆ ಲೆಕ್ಕದಾಗೆ ಹೇಳ್ದೆ. ಈ ಸಾರ್ ಅಲ್ಲೇ ಇದ್ರು, ಕೇಳ್ರಿ."

ಸದಸ್ಯರೊಬ್ಬರು, ಮಗುವನ್ನು ಹಚ್ಚಿಕೊಂಡು ಈಯಮ್ಮ ಹೀಗೆ ಹೇಳುತ್ತಿದ್ದಾಳೆ ಎಂದರು. ಅಧ್ಯಕ್ಷೆ ನನ್ನ ಕಡೆ ತಿರುಗಿದರು. "ನೀವು ಕೇಳಿಸಿಕೊಂಡ್ರಾ?"

ಮೇಜಿನ ಮೇಲೆ ಆ ಪತ್ರ ತೆರೆದಿತ್ತು. ನನ್ನ ಸಹಿ ಕಾಣುತ್ತಿತ್ತು. ತಿಳಿಯುವ ಭಾಷೆಯಲ್ಲಿ ವಿವರಿಸಿದ್ದೇನೆ... ವಿವರಿಸಿದ್ದು ಆಯಮ್ಮ, ಅದೂ ತಪ್ಪಾಗಿ, ನಾನು ಪಕ್ಕದಲ್ಲಿದ್ದೂ ತಿದ್ದಲಿಲ್ಲ ಎಂದರೆ ಆ ಸಹಿ ಸುಳ್ಳು. ಕೇಂದ್ರದ ಕೆಲಸ ಹೋಗುತ್ತದೆ, ಕೋರ್ಟಿನವರೂ ಕೆಲಸ ಕೊಡುವುದಿಲ್ಲ.

"ಇಲ್ಲ ಮೇಡಂ," ಎಂದೆ. "ನಾನು ಒಳಗಿದ್ದೆ."

ಆಯಮ್ಮ ನನ್ನ ಮುಖ ನೋಡಲಿಲ್ಲ. ನನ್ನ ಕೈಗಳನ್ನು ನೋಡಿದರು.

ಆದೇಶ ಹಾಗೇ ಉಳಿಯಿತು. ಆಮೇಲಿನದೆಲ್ಲ ಕಾಗದದಲ್ಲಿದೆ. ಕಾಲಿನ ದೆಸೆಯಿಂದ ಇಲ್ಲಿಯ ದಂಪತಿಗಳು ಯಾರೂ ಮುಂದೆ ಬರಲಿಲ್ಲ. ಹೊರದೇಶದ ಇಬ್ಬರು ಬಂದರು. ಗಂಡ ಬಡಗಿ, ಹೆಂಡತಿ ಶಾಲೆಯ ಟೀಚರು. ಅವರ ಕಡತವನ್ನು ಕನ್ನಡಕ್ಕೆ ಮಾಡಿದವನು ನಾನೇ. ದತ್ತು ಕೇಳುವವರಿಗೆ ಮದುವೆಯಾಗಿ ಎರಡು ವರ್ಷವಾದರೂ ಆಗಿರಬೇಕು. ಅವರ ಮೇಲೆ ಪೊಲೀಸ್ ಕೇಸಿಲ್ಲ ಎಂಬ ಪತ್ರ, ವೈದ್ಯರ ಪತ್ರ, ದುಡಿಮೆಯ ಪತ್ರ ಬೇಕು. ಆ ದೇಶದ ಒಪ್ಪಿಗೆ ಪಡೆದ ಸಂಸ್ಥೆಯವರು ಮನೆಗೆ ಬಂದು ನೋಡಿ ವರದಿ ಬರೆಯಬೇಕು. ಮಗುವಿನ ಕಾಲಿನ ಸ್ಥಿತಿ ಓದಿ ಒಪ್ಪಿದ್ದೇವೆಂದು ಇಬ್ಬರೂ ಸಹಿ ಮಾಡಬೇಕು. ಮಗುವನ್ನು ದೇಶದೊಳಕ್ಕೆ ಬಿಟ್ಟುಕೊಳ್ಳುತ್ತೇವೆಂದು ಅಲ್ಲಿಯ ಸರ್ಕಾರ, ಕಳಿಸಲು ಅಡ್ಡಿಯಿಲ್ಲವೆಂದು ದೆಹಲಿಯ ದತ್ತು ಪ್ರಾಧಿಕಾರ ಹೇಳಬೇಕು. ಆಮೇಲೆ ಆದೇಶ: ಆಗ ನ್ಯಾಯಾಲಯ ಕೊಡುತ್ತಿತ್ತು, ಈಗ ಜಿಲ್ಲಾಧಿಕಾರಿಗಳು. ಕೊನೆಗೆ ಪಾಸ್‌ಪೋರ್ಟು.

ಅವರ ಮನೆಯ ಮಹಡಿ ಮೆಟ್ಟಿಲಿಗೆ ಮಗು ಬೀಳದಂತೆ ಕಟಕಟೆ ಇದೆಯೋ ಇಲ್ಲವೋ ಎಂಬುದನ್ನೂ ಯಾರೋ ಹೋಗಿ ನೋಡಿ ಬರೆದಿದ್ದರು. ನಾನು ಆ ಸಾಲನ್ನು ಟೈಪ್ ಮಾಡುತ್ತಾ ನಿಲ್ಲಿಸಿದೆ. ಇಲ್ಲಿ ನಾನು ನಿಂತ ಜಾಗದಿಂದ ಮೆಟ್ಟಿಲಿಗಿದ್ದ ನಾಲ್ಕು ಹೆಜ್ಜೆಯನ್ನು ಯಾರೂ ಬಂದು ಅಳೆದಿರಲಿಲ್ಲ.

ಮಗು ಹೋದ ಮೇಲೆ ಎರಡು ವರ್ಷ ಅಲ್ಲಿಂದ ವರದಿ ಬರಬೇಕೆಂದು ನಿಯಮ. ಬಂತು, ಫೋಟೊ ಸಮೇತ. ಓದಿ ಹೇಳಲು ಹೋದಾಗ ಆಯಮ್ಮ ಕೇಳುತ್ತಿದ್ದದ್ದು ಒಂದೇ. "ಕಾಲು?" ಆಪರೇಷನ್ ಆಗಿದೆ ಎಂದು ಮೊದಲ ಸಲ ಹೇಳಿದೆ. ಬೂಟು ಹಾಕಿಕೊಂಡು ನಿಂತಿದ್ದಾಳೆ, ಓಡುತ್ತಾಳೆ ಎಂದು ಆಮೇಲಿನ ಸಲಗಳಲ್ಲಿ. ಬರ್ರಿ, ಕುಂತ್ಕಳ್ರಿ ಎಂಬ ಮಾತು ಮೊದಲಿನಂತೆಯೇ ಇತ್ತು. ಬಾಯಿಗೆ ಬೀಗ ಎಂಬ ತಮಾಷೆಯನ್ನು ಮಾತ್ರ ಅವರು ಮತ್ತೆ ಮಾಡಲಿಲ್ಲ. ಕೆಲಸ ಬಿಟ್ಟು ಹೊಸದುರ್ಗಕ್ಕೆ ಹೋಗುವ ದಿನವೂ ಮಾಡಲಿಲ್ಲ. ನಾನು ಆ ಮಾತಿಗಾಗಿ ಕಾದಿದ್ದೆ...

ಹೋದ ವಾರ ಆ ತುಂಡನ್ನು ಹಿಡಿದುಕೊಂಡು ಹಿರಿಯೂರಿಗೆ ಹೋದೆ. ಮಂಡಿಯ ಹಿಂದೆ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸುಲಿಯುತ್ತಿದ್ದಳು ಆ ತಾಯಿ. ತಲೆ ಅರ್ಧ ನೆರೆತಿದೆ. ನಾನು ಹೊರಗೇ ನಿಂತಿದ್ದೆ, ಎಲ್ಲ ಕೇಳಿಸಿತ್ತು ಎಂದು ಹೇಳಿದೆ. ಆಯಮ್ಮ ತೀರಿಕೊಂಡದ್ದನ್ನೂ ಹೇಳಿದೆ. ಅವಳ ಕೈ ನಿಂತದ್ದು ಆಯಮ್ಮನ ಸುದ್ದಿಗೆ ಮಾತ್ರ.

"ನೀವು ಹೊರಗಿದ್ದದ್ದು ನಂಗೂ ಗೊತ್ತಿತ್ತು ಸಾರ್. ನನ್ ಕೂಸಿನ ಕಂಬ್ಳಿ ನಿಮ್ ಕೈಯಾಗಿತ್ತಲ್ಲ. ನಾನು ಅದನ್ನೇ ನೋಡ್ತಿದ್ದೆ. ಅವತ್ತು ಸಮಿತ್ಯಾಗೆ ಅಂದೆ. ಹೆಬ್ಬೆಟ್ಟಿನೋಳ ಮಾತು, ಯಾರು ಬರ್ಕಂಡ್ರು?"

ಕಂಬಳಿ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ದೊಡ್ಡವಳಾದ ಮೇಲೆ ಹೆತ್ತವರ ವಿಷಯ ಕೇಳಿಕೊಂಡು ಬರಲು ಮಗುವಿಗೆ ಕಾನೂನಿನಲ್ಲಿ ದಾರಿಯಿದೆ ಎಂದು ನಾನೇ ಆಗ ತಾನೆ ಹೇಳಿದ್ದೆ.

"ಹಂಗಾರೆ ಫೈಲಿನ ಜೊತೆಗೆ ಇಡ್ರಿ. ನೀವು ಎಲ್ಲಿ ನಿಂತಿದ್ರಿ ಅಂಬೋದನ್ನೂ ಬರೆದು ಇಡ್ರಿ." ಮತ್ತೆ ಒಂದು ಕಾಯಿ ಎತ್ತಿಕೊಂಡಳು.

ಬರೆದಿದ್ದೇನೆ. ಒಂದು ಪ್ರತಿ ಕಂಬಳಿಯ ಜೊತೆ ಕೇಂದ್ರಕ್ಕೆ, ಒಂದು ಸಮಿತಿಗೆ. ಎರಡರ ಕೆಳಗೂ ನನ್ನ ಸಹಿಯಿದೆ. ಇದನ್ನು ಮೊದಲು ಓದಿ ಹೇಳಬೇಕಾಗಿದ್ದದ್ದು ಆಯಮ್ಮನಿಗೆ. ಅವರಿಲ್ಲ. ಆ ಬುಧವಾರ ಜಗಲಿಯಲ್ಲಿದ್ದವರಲ್ಲಿ ಉಳಿದಿರುವವರು ಮೂವರು: ಹಿರಿಯೂರಿನ ಮಂಡಿಯಲ್ಲಿ ಆ ತಾಯಿ, ಚಿತ್ರದುರ್ಗದಲ್ಲಿ ನಾನು, ಮತ್ತು ಆಯಮ್ಮನ ಹೆಗಲ ಮೇಲೆ ಎಚ್ಚರವಾಗಿದ್ದು ನನ್ನ ಕಡೆಗೇ ನೋಡುತ್ತಿದ್ದ ಆ ಮಗು.