ಉಸಿರು ಹಿಡಿದು ಹೇಳಿದ ಮಾತು

ಅದು ಎಂಬತ್ತರ ದಶಕದ ಕೊನೆ. ನಾನು ಬನಹಟ್ಟಿಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ರಜೆಯಲ್ಲಿ ಸುತ್ತಲಿನ ಕಬಡ್ಡಿ ಪಂದ್ಯಾವಳಿಗಳಿಗೆ ಅಂಪೈರ್. ಆ ದಿನ ಫೈನಲ್. ಒಂದು ಬದಿಗೆ ಶಾಮಿಯಾನಾ, ಅದರಡಿ ಸೋಫಾದ ಮೇಲೆ ಮುಖ್ಯ ಅತಿಥಿಗಳಾದ ಆಳುವ ಪಕ್ಷದ ಸಾಹೇಬರು, ಅವರ ಪಕ್ಕ ಪಂದ್ಯಾವಳಿಯ ಕಾರ್ಯದರ್ಶಿ ಶಿವಲಿಂಗಪ್ಪ, ಹಿಂದೆ ವಿಜಾಪುರ ಜಿಲ್ಲಾ ತಂಡಕ್ಕೆ ಆಟಗಾರರನ್ನು ಆರಿಸಲು ಬಂದ ಇಬ್ಬರು. ಉಳಿದ ಮೂರು ಬದಿಗೂ ಮಗ್ಗ ನಿಲ್ಲಿಸಿ ಬಂದ ನೇಕಾರರು ನೆಲದ ಮೇಲೆ ಕುಳಿತಿದ್ದರು.

ಕಬಡ್ಡಿಯಲ್ಲಿ ದಾಳಿಗೆ ಹೋದವನು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಇರಬೇಕು; ಉಸಿರು ಕಡಿದರೆ ಔಟ್. ಇದರದೇ ಹಳ್ಳಿ ರೂಪವಾದ ಹುತುತು ಆಟದಲ್ಲಿ ಮಾತ್ರ ಅವರವರ ಪದ ಅವರವರದು. ಹಿರಿಯರು ಹಾಗೆಯೇ ಆಡಿದ್ದರು, ನಾನೂ ಹಾಗೆಯೇ ಕಲಿತಿದ್ದೆ. ಶಿವಲಿಂಗಪ್ಪನವರೇ ಮುಂಜಾನೆ ಮೈಕಿನಲ್ಲಿ ಸಾರಿದ್ದರು: “ಯಾವ ಪದಾ ಬೇಕಾದ್ರ ಅನ್ರಿ, ಉಸಿರು ಕಡೀಬ್ಯಾಡ್ರಿ!”

ಸಾವಳಗಿ ತಂಡದ ನಾಯಕ ಬಸು ಮೊದಲ ದಾಳಿಗೆ ಹೋದ. “ಸಾಹೇಬ್ರು ಬಂದಾರ, ಬೆಳಕು ತಂದಾರ” ಎಂದು ಒಂದೇ ಉಸಿರಿನಲ್ಲಿ ಹೇಳುತ್ತ ಒಬ್ಬನನ್ನು ಮುಟ್ಟಿ ಬಂದ. ಸಾಹೇಬರು ನಕ್ಕರು. ಶಿವಲಿಂಗಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಎದುರಿನ ತಂಡ ಬೀಳಗಿ ತಾಲೂಕಿನ ಒಂದು ಹೊಳೆದಂಡೆಯ ಹಳ್ಳಿಯದು. ಆಣೆಕಟ್ಟಿನ ನೀರಿಗೆ ಮುಳುಗುವ ಹಳ್ಳಿಗಳಲ್ಲಿ ಅದೂ ಒಂದು; ಬದಲಿಗೆ ಕೊಡುತ್ತೇವೆಂದ ಹೊಸ ಊರು ಇನ್ನೂ ಕಾಗದದಲ್ಲೇ ಇತ್ತು. ಅವರ ದಾಳಿಗಾರ ಹಣಮಂತ, ಹಿಂದಿನ ಸಲ ಕಾಲಿನ ಪೆಟ್ಟಿನಿಂದ ಜಿಲ್ಲಾ ತಂಡದ ಅವಕಾಶ ಕಳೆದುಕೊಂಡವನು. ಈ ಸಲ ಆ ತಂಡದ ಅಂಗಿ ಹಾಕಿಯೇ ತೀರಬೇಕೆಂದು ಬಂದಿದ್ದ. ಅವನು ಗೆರೆ ದಾಟಿ ಶುರು ಮಾಡಿದ:

“ಮನಿ ಹೋತು, ಹೊಲಾ ಹೋತು, ಹೊಸ ಊರು ಎಲ್ಲಿ ಹೋತು?”

ಇಬ್ಬರನ್ನು ಕೆಡವಿ, ಅದನ್ನೇ ಹೇಳುತ್ತ ಮರಳಿದ. ನೇಕಾರರು ಹೋ ಎಂದರು. ಸಾಹೇಬರ ಮುಖ ಗಂಟಾಯಿತು. ಶಿವಲಿಂಗಪ್ಪ ಧೋತರದ ಚುಂಗು ಹಿಡಿದು ಅಂಕಣಕ್ಕೇ ಓಡಿಬಂದರು.

“ಮಾಸ್ತರ್ರ, ಅವನ್ನ ಹೊರಗ ಹಾಕ್ರಿ! ಆಟದಾಗ ರಾಜಕೀಯ ತರಾಕತ್ತಾನ.”

“ಹಂಗಾದ್ರ ಬಸೂನೂ ಹೊರಗ ಹಾಕಬೇಕಾಗ್ತದ.”

“ಏ, ಅದು ಭಕ್ತಿರೀ! ಇದು ರಾಜಕೀಯ.”

“ಭಕ್ತಿ ಅಳತಿ ಮಾಡೂ ಮಾಪು ನನ್ನ ಹತ್ರ ಇಲ್ರಿ. ಉಸಿರು ಕಡೀತೋ ಇಲ್ಲೋ, ನಾ ನೋಡೂದು ಅಷ್ಟ.”

ಅವರು ಸೋಫಾದ ಬಳಿ ಹೋಗಿ ಸಾಹೇಬರ ಕಿವಿಯಲ್ಲಿ ಮಾತಾಡಿದರು, ನನ್ನ ಬಳಿ ಬಂದರು, ಮತ್ತೆ ಸೋಫಾದ ಬಳಿ ಹೋದರು. ಆಟ ನಿಂತೇ ಇತ್ತು. ಬಿಸಿಲಿಗೆ ಹುಡುಗರ ಮೈಮೇಲಿನ ಬೆವರು ಆರುತ್ತಿತ್ತು. ಕೊನೆಗೆ ಅಪ್ಪಣೆ ಬಂತು: ಇನ್ನು ಮುಂದೆ ಯಾರೂ ‘ಕಬಡ್ಡಿ’ ಬಿಟ್ಟು ಬೇರೆ ಪದ ಅನ್ನಬಾರದು. ಇಬ್ಬರಿಗೂ ಒಂದೇ ನಿಯಮವಾದ್ದರಿಂದ ಒಪ್ಪಿದೆ. ಹಣಮಂತನಿಗೆ ತಿಳಿಸಿದಾಗ ಅವನು ಕೇಳಿದ, “ಬಾಯಿ ಕಟ್ಟಿದ್ರಿ ಸರ್, ಕಾಲಿಗೇನೂ ನಿಯಮ ಇಲ್ಲಲ್ರಿ?”

“ಓಡ್ಲೇ ಸುಮ್ನ,” ಎಂದೆ.

ಅವನು ಶಿಸ್ತಾಗಿ “ಕಬಡ್ಡಿ ಕಬಡ್ಡಿ” ಎನ್ನುತ್ತ ಹೋದ. ಆದರೆ ಅವನು ಗೆರೆ ದಾಟಿದ್ದೇ ತಡ, ಮೂರೂ ಬದಿಯ ನೇಕಾರರು ಎತ್ತಿಕೊಂಡರು: “ಮನಿ ಹೋತು, ಹೊಲಾ ಹೋತು...” ಶಿವಲಿಂಗಪ್ಪ ಮತ್ತೆ ಓಡಿಬಂದರು.

“ಔಟ್ ಕೊಡ್ರಿ ಮಾಸ್ತರ್ರ!”

“ಯಾರಿಗ್ರಿ? ಗೆರಿ ಹೊರಗ ಕುಂತವ್ರಿಗೆ ಔಟ್ ಕೊಡಾಕ ಬರೂದಿಲ್ಲ.”

“ಹಂಗಾರ ಆಟಾನ ನಿಲ್ಲಸ್ರಿ!”

“ನೀವ ಮೈಕಿನ್ಯಾಗ ಹೇಳ್ರಿ, ಯಾಕ ನಿಲ್ಲಸಾಕತ್ತೇವಿ ಅಂತ.”

ಅವರು ಮೈಕಿನ ಕಡೆ ಒಮ್ಮೆ ನೋಡಿ, ಹೋಗಿ ಕುಳಿತರು. ಸಾಹೇಬರು ಬಹುಮಾನ ಹಂಚುವವರೆಗೂ ನಿಲ್ಲದೆ ಕಾರು ಹತ್ತಿದರು. ಹೊಳೆದಂಡೆಯವರು ಗೆದ್ದರು. ಎಲ್ಲರಿಗಿಂತ ಹೆಚ್ಚು ಅಂಕ ತಂದವನು ಹಣಮಂತನೇ.

ಸಂಜೆ ಜಿಲ್ಲಾ ತಂಡ ಸಾರಿದಾಗ ಬಸುವಿನ ಹೆಸರಿತ್ತು, ಹಣಮಂತನದು ಇರಲಿಲ್ಲ. ಕೇಳಿದರೆ ಆಯ್ಕೆದಾರರೊಬ್ಬರು, “ಆಟ ಛಲೋ ಐತ್ರಿ, ಶಿಸ್ತಿಲ್ಲ,” ಎಂದರು. ಅವನು ಒಂದು ನಿಯಮವನ್ನೂ ಮುರಿದಿಲ್ಲ, ಅಂಪೈರ್ ನಾನೇ ಹೇಳುತ್ತಿದ್ದೇನೆ ಎಂದೆ. “ನಿಯಮ ಬ್ಯಾರೆ, ಶಿಸ್ತು ಬ್ಯಾರೆ ಬಿಡ್ರಿ,” ಎನ್ನುತ್ತ ಚಹಾ ಕುಡಿಯಲು ಹೋದರು. ಆ ಉತ್ತರ ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಆಟದಲ್ಲಿ ರಾಜಕೀಯ ಬೇಡ ಎನ್ನುವವರು ಬೇಡ ಎನ್ನುವುದು ತಮಗೆ ಒಗ್ಗದ ರಾಜಕೀಯವನ್ನು ಮಾತ್ರ. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು. ಹೊಗಳಿದವನಿಗೂ ಪ್ರಶ್ನೆ ಕೇಳಿದವನಿಗೂ ಒಂದೇ ಸೀಟಿ ಊದುವುದಷ್ಟೇ ಅಂಪೈರನ ಕೈಯಲ್ಲಿರುವುದು.

ಮರುವರ್ಷ ಹೊಳೆದಂಡೆಯ ತಂಡ ಬರಲಿಲ್ಲ. ಊರು ಖಾಲಿಯಾಗಿ, ಒಬ್ಬೊಬ್ಬರು ಒಂದೊಂದು ಕಡೆ ಸೇರಿದ್ದರು. ಬಸು ತಾನೇ ಹುಡುಕಿಕೊಂಡು ಹೋಗಿ ಹಣಮಂತನನ್ನು ತನ್ನ ತಂಡಕ್ಕೆ ಕರೆತಂದಿದ್ದ. “ಇಂವ ಯಾವೂರಾಂವಲೇ?” ಎಂದು ಶಿವಲಿಂಗಪ್ಪ ಕೇಳಿದರೆ, “ಈ ವರ್ಷದಿಂದ ನಮ್ಮೂರಾಂವರೀ,” ಎಂದ ಬಸು. ಹಣಮಂತ ಇಡೀ ದಿನ ‘ಕಬಡ್ಡಿ’ ಬಿಟ್ಟು ಬೇರೆ ಪದ ಅನ್ನಲಿಲ್ಲ. ಸಂಜೆ ಜಿಲ್ಲಾ ತಂಡ ಸಾರುವಾಗ ಮೈಕಿನಲ್ಲಿ, “ಸಾವಳಗಿಯ ಹಣಮಂತ,” ಎಂದು ಕೂಗಿದರು. ಅವನು ಕುಳಿತೇ ಇದ್ದ. ಬಸು ಬೆನ್ನಿಗೆ ತಟ್ಟಿ, “ಏಳಲೇ, ನಿನ್ನ ಕರ್ಯಾಕತ್ತಾರ,” ಎಂದ ಮೇಲೆ ಎದ್ದು ಹೋಗಿ ಸಾಲಿನಲ್ಲಿ ನಿಂತ.